ವಜನವಿಲ್ಲದ ಸೋಗು

ಆರನೆಯ ಮನೆಗೆ ಹೆಸರಿಟ್ಟವನು ನಾನು. ಅದನ್ನು ಹಾಳೆಯಿಂದ ತೆಗೆದುಹಾಕಿದವನೂ ನಾನೇ. ಈ ಎರಡು ಕೆಲಸಗಳ ನಡುವೆ ಸುಮಾರು ಒಂದೂವರೆ ವರ್ಷ ಇತ್ತು. ಎರಡನೆಯದರಿಂದ ಏನಾಯಿತು ಎಂಬುದನ್ನು ನೆನಪಿರುವಷ್ಟು ಮಾತ್ರ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗೋಕಾಕದ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಮಾಳಿಗೆಯ ಮೇಲೆ ಉದ್ದನೆಯ ಒಂದೇ ಕೋಣೆ, ಹನ್ನೆರಡು ಮಷೀನು, ಅವುಗಳಲ್ಲಿ ನಾಲ್ಕು ಕನ್ನಡದವು. ಕೆಳಗೆ ಕರದಂಟು ಮಾಡುವವರ ಒಲೆ ಇತ್ತು. ಬೆಲ್ಲದ ಪಾಕ ಏರುವ ಹೊತ್ತಿಗೆ ಕೀಲಿಗಳೆಲ್ಲ ಅಂಟಂಟು ಎನಿಸುತ್ತಿತ್ತು. ಕೋಣೆಯ ಹಿಂದಿನ ಸಣ್ಣ ಖೋಲಿಯಲ್ಲಿ ನಾನು ಇರುತ್ತಿದ್ದೆ. ಅವ್ವ ತೀರಿಹೋಗಿದ್ದಳು, ಅಕ್ಕ ಲಗ್ನವಾಗಿ ಮಹಾರಾಷ್ಟ್ರದ ಕಡೆ ಹೋಗಿದ್ದಳು. ವಾರದಲ್ಲಿ ಆರು ದಿನ ಮುಂಜಾನೆಯಿಂದ ಸಂಜೆಯವರೆಗೆ ಮಷೀನಿನ ಸಪ್ಪಳ. ರವಿವಾರ ಏನೂ ಇರುತ್ತಿರಲಿಲ್ಲ. ಆ ದಿನಕ್ಕೆ ನಾನು ಶುಕ್ರವಾರದಿಂದಲೇ ಹೆದರುತ್ತಿದ್ದೆ.

ರವಿವಾರವನ್ನು ತುಂಬಿದವರು ಇಬ್ಬರು ಗೆಳೆಯರು. ಇಬ್ಬರೂ ಮೊದಲು ನನ್ನ ಹತ್ತಿರ ಟೈಪಿಂಗ್ ಕಲಿಯಲು ಬಂದವರು, ಇಬ್ಬರೂ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಒಬ್ಬ ಮೂಡಲಗಿಯ ಜೈನರ ಹುಡುಗ; ಮನೆಯಲ್ಲಿ ಕಾಳುಕಡಿ, ಬೆಲ್ಲದ ವ್ಯಾಪಾರ. ಅವನನ್ನು ನಾವು ಸಾವಕಾರ ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬ ಹುಕ್ಕೇರಿಯವನು, ಅವನ ಅಪ್ಪನದು ಟೇಲರ್ ಅಂಗಡಿ. ಅವನನ್ನು ಭಾಯ್ ಎನ್ನುತ್ತಿದ್ದೆವು. ಅವರಿಬ್ಬರೂ ನನ್ನನ್ನು ಮಾಸ್ತರ ಎನ್ನುತ್ತಿದ್ದರು, ಅರ್ಧ ಗೌರವಕ್ಕೆ, ಅರ್ಧ ಚೇಷ್ಟೆಗೆ.

ಭಾಯ್ ತೊದಲುತ್ತಿದ್ದ. ಸ್ವಲ್ಪ ಅಲ್ಲ, ಬಹಳ. ಗ, ಬ, ಪ ಈ ಅಕ್ಷರಗಳು ಮಾತಿನ ಮೊದಲಿಗೆ ಬಂದರೆ ಅವನ ಕೊರಳಿನಲ್ಲಿ ಬಾಗಿಲು ಮುಚ್ಚಿಕೊಂಡ ಹಾಗೆ ಆಗುತ್ತಿತ್ತು. ಬಸ್ಸಿನಲ್ಲಿ ‘ಗೋಕಾಕ’ ಎನ್ನಲು ಆಗದೆ, ಗೋಕಾಕವೇ ಕೊನೆಯ ಸ್ಟಾಪ್ ಆಗಿರುವ ಬಸ್ಸನ್ನು ಹುಡುಕಿ ಹತ್ತಿ, ಕಂಡಕ್ಟರನಿಗೆ ‘ಲಾಸ್ಟ್’ ಎನ್ನುತ್ತಿದ್ದ. ಟೈಪಿಂಗಿನಲ್ಲಿ ಮಾತ್ರ ಅವನಷ್ಟು ವೇಗದವರು ನನ್ನ ಕ್ಲಾಸಿಗೆ ಬರಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಎರಡು ಕಡೆ ನೌಕರಿಯ ಸಂದರ್ಶನಕ್ಕೆ ಕರೆ ಬಂತು. ಎರಡೂ ಕಡೆ ಅವನು ತನ್ನ ಹೆಸರು ಹೇಳಿ ಮುಗಿಸುವುದರೊಳಗೆ ಅವರು ಫೈಲು ಮುಚ್ಚಿದ್ದರು. ಇದನ್ನು ಅವನೇ ನನಗೆ ಹೇಳಿದ್ದು, ನಗುತ್ತ.

ಆಟ ತಂದವನು ಸಾವಕಾರ. ಪುಣೆಯಲ್ಲಿ ಓದುತ್ತಿದ್ದ ಅವನ ಕಾಕಾನ ಮಗ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಕೊಟ್ಟಿದ್ದ. ಹಾಳೆಗಳ ಅಂಚು ಕಪ್ಪಾಗಿತ್ತು, ನಡುವೆ ಕೆಲವು ಪುಟ ಇರಲಿಲ್ಲ. ಬೋರ್ಡಿಲ್ಲದ, ಕಾಯಿಲ್ಲದ ಆಟ ಅದು. ಒಬ್ಬ ಆಟ ನಡೆಸುತ್ತಾನೆ: ನೀವು ಈಗ ಒಂದು ಕೋಟೆಯ ಮುಂದೆ ನಿಂತಿದ್ದೀರಿ, ಒಳಗೆ ರಾಕ್ಷಸನಿದ್ದಾನೆ, ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಉಳಿದವರು ತಾವು ಕಟ್ಟಿಕೊಂಡ ಪಾತ್ರವಾಗಿ ಉತ್ತರ ಕೊಡುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆಟ ನಡೆಸುವವನು ನಾನಾದೆ. ನಮ್ಮ ಕಡೆ ಬಯಲಾಟದಲ್ಲಿ ವೇಷ ಕಟ್ಟುವುದಕ್ಕೆ ಸೋಗು ಹಾಕುವುದು ಎನ್ನುತ್ತಾರೆ. ನಾವು ಪಾತ್ರವನ್ನು ಸೋಗು ಎಂದೆವು, ಪಾತ್ರದ ವಿವರ ಬರೆಯುವ ಹಾಳೆಯನ್ನು ಸೋಗಿನ ಹಾಳೆ ಎಂದೆವು.

ಝೆರಾಕ್ಸಿನಲ್ಲಿ ಇಲ್ಲದ ಪುಟಗಳು ಸರಿಯಾಗಿ ಪಾತ್ರ ಕಟ್ಟುವ ಅಧ್ಯಾಯದವೇ ಆಗಿದ್ದವು. ಹಾಗಾಗಿ ಸೋಗು ಕಟ್ಟುವ ನಿಯಮಗಳನ್ನು ನಾನೇ ಬರೆದೆ. ಕನ್ನಡ ಮಷೀನಿನಲ್ಲಿ ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಮಾಡಿಸಿ ತಂದೆ. ಹಾಳೆಯಲ್ಲಿ ಆರು ಗುಣಗಳಿಗೆ ಆರು ಮನೆಗಳಿದ್ದವು: ಕಸುವು, ಚುರುಕು, ತಾಳಿಕೆ, ಬುದ್ಧಿ, ತಿಳಿವಳಿಕೆ, ವಜನ. ಲೂಡೋದ ಮೂರು ದಾಳ ಒಟ್ಟಿಗೆ ಉರುಳಿಸಿ, ಬಂದ ಮೊತ್ತವನ್ನು ಒಂದೊಂದೇ ಮನೆಯಲ್ಲಿ ಬರೆಯಬೇಕು. ಮನಸ್ಸಿಗೆ ಬರದಿದ್ದರೆ ಒಂದು ಮನೆಯಿಂದ ಅಂಕಿ ಕಳೆದು ಇನ್ನೊಂದಕ್ಕೆ ಸೇರಿಸಿಕೊಳ್ಳಬಹುದು. ಉಳಿದ ಪುಟಗಳಲ್ಲಿ ಕಂಡಂತೆ, ಇಂಗ್ಲಿಷಿನಲ್ಲಿ ಆರನೆಯದಕ್ಕೆ ಇದ್ದ ಪದ, ಒಬ್ಬ ಮನುಷ್ಯ ಬಾಯಿ ತೆರೆದರೆ ಹತ್ತು ಜನ ತಿರುಗಿ ನೋಡುವ ಗುಣವನ್ನು ಹೇಳುತ್ತಿತ್ತು. ನಮ್ಮಲ್ಲಿ ‘ಅವನ ಮಾತಿಗೆ ವಜನ ಐತಿ’ ಎನ್ನುತ್ತಾರಲ್ಲ, ಅದೇ ಎಂದು ನಾನು ವಜನ ಎಂದು ಬರೆದೆ. ಬರೆದ ದಿನ ನನಗೆ ಬಹಳ ಖುಷಿಯಾಗಿತ್ತು.

ಭಾಯ್ ಮೊದಲ ರವಿವಾರ ದಾಳ ಉರುಳಿಸಿದಾಗ ಕಸುವಿಗೆ ಹನ್ನೊಂದು ಬಂತು. ಅವನು ಅದರಿಂದ ಐದು ಕಳೆದು ವಜನಕ್ಕೆ ಹಾಕಿದ. ವಜನ ಹದಿನೇಳಾಯಿತು. ಅವನ ಸೋಗು ಊರೂರು ತಿರುಗುವ ಒಬ್ಬ ಮಧ್ಯಸ್ಥ: ಎರಡು ದಂಡು ಎದುರುಬದುರು ನಿಂತರೆ ನಡುವೆ ಹೋಗಿ ಮಾತಾಡಿ ಇಬ್ಬರನ್ನೂ ಮನೆಗೆ ಕಳಿಸುವವನು. ಕತ್ತಿ ಎತ್ತಲು ಅವನಿಗೆ ಕಸುವಿರಲಿಲ್ಲ.

ಆಡುವ ರೀತಿ ಹೀಗಿತ್ತು. ಭಾಯ್ ಒಂದು ಸಣ್ಣ ವಾಕ್ಯ ಹೇಳುತ್ತಿದ್ದ: ‘ನಾ ಮಾತಾಡ್ತೇನಿ.’ ದಾಳ ಉರುಳಿಸುತ್ತಿದ್ದ. ದಾಳದ ಮೊತ್ತ ಮನೆಯಲ್ಲಿ ಬರೆದ ಅಂಕಿಯನ್ನು ಮೀರದಿದ್ದರೆ ಗೆಲುವು; ಹದಿನೇಳಕ್ಕಿಂತ ಹೆಚ್ಚು ಬರುವುದು ಅಪರೂಪ, ಆದ್ದರಿಂದ ಗೆಲ್ಲುತ್ತಿದ್ದ. ಆಮೇಲೆ ಅವನ ಮಾತನ್ನು ನಾನು ಆಡುತ್ತಿದ್ದೆ. ‘ಏ ಸೈನಿಕರ್ರಾ, ನಿಮ್ಮ ಮನ್ಯಾಗ ಒಲಿ ಮ್ಯಾಲ ಸಾರು ಕುದ್ಯಾಕತ್ತೇತಿ, ಇಲ್ಲೇನ ಸಾಯಾಕ ನಿಂತೀರಿ?’ ಎಂದು ಎದ್ದು ನಿಂತು ಕೈಬೀಸಿ ಹೇಳುತ್ತಿದ್ದೆ. ಸಾವಕಾರ ಚಪ್ಪಾಳೆ ತಟ್ಟುತ್ತಿದ್ದ. ನಾನು ಮಾತಾಡುವಷ್ಟು ಹೊತ್ತೂ ಭಾಯ್‌ನ ತುಟಿ ಸಣ್ಣಗೆ ಅಲುಗುತ್ತಿತ್ತು. ನಾನು ಹೇಳುವ ಮಾತನ್ನೇ ಅವನು ಶಬ್ದವಿಲ್ಲದೆ ಹೇಳುತ್ತಿದ್ದ. ಅದನ್ನು ನಾನು ಗಮನಿಸಿದ್ದೆ. ಅದರ ಅರ್ಥವೇನು ಎಂದು ಆಗ ಯೋಚಿಸಲಿಲ್ಲ.

ಒಂದು ಸಲ ಅವನು ಹೇಳಿದ್ದುಂಟು: ‘ವಾರದಾಗ ಒಂದಿನ ನಾ ಪೂರಾ ಮಾತಾಡಿ ಮನಿಗೆ ಹೋಗ್ತೇನಿ, ಮಾಸ್ತರ.’ ಅದನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿದಿತ್ತು.

ಸಾವಕಾರನದು ಬೇರೆ ಕಥೆ. ಅವನ ಸೋಗು ಕಳ್ಳ. ಗೋಡೆ ಹತ್ತುವುದು, ಹಗ್ಗ ಹಿಡಿದು ಇಳಿಯುವುದು ಅವನ ಕೆಲಸ. ಆದರೆ ಎಲ್ಲಿ ಹೋದರೂ ಅವನಿಗೆ ಅವಮಾನ. ಖಾನಾವಳಿಯವನು ಊಟ ಕೊಡುವುದಿಲ್ಲ, ಊರ ಅಗಸೆ ಬಾಗಿಲಿನ ಕಾವಲುಗಾರ ಬೈಯುತ್ತಾನೆ, ಒಂದೂರಿನಲ್ಲಿ ಮುದುಕಿಯೊಬ್ಬಳು ಕಸಬರಿಗೆ ತೆಗೆದುಕೊಂಡು ಓಡಿಸಿದಳು. ಎಲ್ಲ ದಾಳದ ಪ್ರಕಾರವೇ ಆಗುತ್ತಿತ್ತು. ಒಂದೂವರೆ ವರ್ಷ ಆಗುತ್ತ ಬಂದಾಗ ಒಂದು ರವಿವಾರ ಅವನು ಹಾಳೆಯನ್ನು ಮೇಜಿನ ಮೇಲೆ ಬಡಿದ.

‘ಏನ್ಲೇ ಮಾಸ್ತರ, ನನ್ನ ಮ್ಯಾಲ ನಿಂದೇನ ಹಳೇ ವೈರ ಐತೇನು? ಕಂಡಕಂಡವರೆಲ್ಲ ನನ್ನ ಒದೀತಾರಲ್ಲೋ!’

‘ನಾ ಏನ್ ಮಾಡ್ಲಿ? ನಿನ್ನ ವಜನ ನಾಕು ಐತಿ.’

‘ನಾಕು ಇರಬೇಕಲ್ಲ! ಕಳ್ಳ ಹಗೂರ ಇರಬೇಕೋ ಬ್ಯಾಡೋ? ಹದಿನಾರು ವಜನ ಇಟ್ಕೊಂಡು ಹಗ್ಗಾ ಹಿಡದ್ರ ಹಗ್ಗ ಉಳೀತೇತೇನು?’

ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಸಾವಕಾರನ ಮನೆಯಲ್ಲಿ ವಜನ ಎಂದರೆ ಒಂದೇ ಅರ್ಥ: ತಕ್ಕಡಿ. ದಾಳ ಅವನಿಗೆ ಹದಿನಾರು ಕೊಟ್ಟಿತ್ತು. ಅವನು ಕಳ್ಳನನ್ನು ಹಗುರ ಮಾಡಲೆಂದು ಹನ್ನೆರಡು ಕಳೆದು ಚುರುಕಿಗೂ ತಾಳಿಕೆಗೂ ಹಂಚಿದ್ದ. ಭಾಯ್ ಮೊದಲು ನಕ್ಕ. ಅವನು ನಗುವಾಗ ತೊದಲುತ್ತಿರಲಿಲ್ಲ. ನಕ್ಕು ನಕ್ಕು ಬೆಂಚಿನಿಂದ ಕೆಳಗೆ ಕೂತ. ಕೆಳಗಿನ ಕರದಂಟಿನವರು ಏನಾಯಿತೆಂದು ನೋಡಲು ಮೆಟ್ಟಿಲ ಬಳಿ ಬಂದರು.

‘ಹಂಗಾರ ಭಾಯ್‌ದು ಹದಿನೇಳು ಅಂದ್ರ?’ ಎಂದ ಸಾವಕಾರ. ‘ನಾ ಅಂವನ್ನ ಇಷ್ಟ ದಿನಾ ಡೊಳ್ಳಹೊಟ್ಟಿಯಾಂವ ಅಂತ ತಿಳದಿದ್ನೆಲ್ಲೋ! ಹೊಳಿ ದಾಟೂಮುಂದ ದೋಣಿ ಯಾಕ ಮುಳಗಲಿಲ್ಲಾ ಅಂತ ನಂಗ ಭಾಳ ದಿನದ ಸಂಶೆ ಇತ್ತು.’

ಆ ದಿನ ನಾವು ಆಡಲಿಲ್ಲ, ನಗುತ್ತಲೇ ಕಳೆದೆವು. ನಾನು ಈಗ ಎಣಿಸುವ ಒಳ್ಳೆಯ ದಿನಗಳಲ್ಲಿ ಅದು ಕೊನೆಯದು.

ಮರುದಿನದಿಂದ ಆ ಪದ ನನ್ನ ತಲೆಯಲ್ಲಿ ಕೊರೆಯತೊಡಗಿತು. ನಿಯಮ ಬರೆದವನು ನಾನು. ಎರಡು ಅರ್ಥ ಬರುವ ಪದ ಇಟ್ಟದ್ದು ನನ್ನ ತಪ್ಪು. ಬೇರೆ ಪದ ಹುಡುಕಿದೆ. ವರ್ಚಸ್ಸು ಎಂದು ಬರೆದು ತೋರಿಸಿದರೆ ಸಾವಕಾರ, ‘ಇದು ಪೇಪರದಾಗ ಸತ್ತವರಿಗೆ ಬರಿಯೂದು’ ಎಂದ. ತೇಜಸ್ಸು ಎಂದರೆ ‘ಸ್ವಾಮಿಗೋಳಿಗೆ’ ಎಂದ. ಪ್ರಭಾವ ಎಂದರೆ ರಾಜಕಾರಣಿಯ ಹಾಗೆ ಕೇಳಿಸಿತು. ಭಾಯ್‌ನನ್ನು ಕೇಳಿದಾಗ ಅವನು ಬೆರಳಿನಿಂದ ಹಳೆಯ ಪದವನ್ನೇ ತೋರಿಸಿದ. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇಲ್ಲಿ ನಾನು ಎಚ್ಚರದಿಂದ ಬರೆಯಬೇಕು. ಪದ ಸಿಗಲಿಲ್ಲ ಎಂಬುದು ನಿಜ. ಆದರೆ ಅದೊಂದೇ ಕಾರಣವಲ್ಲ. ಎದ್ದು ನಿಂತು ಆಡುವ ಒಳ್ಳೊಳ್ಳೆಯ ಮಾತೆಲ್ಲ ನನ್ನವು. ಗೆಲುವು ಮಾತ್ರ ಭಾಯ್‌ನದು. ಚಪ್ಪಾಳೆ ತಟ್ಟುವಾಗ ಸಾವಕಾರ ಅವನ ಬೆನ್ನು ಚಪ್ಪರಿಸುತ್ತಿದ್ದ. ಇದು ನನ್ನನ್ನು ಸಣ್ಣಗೆ ಚುಚ್ಚುತ್ತಿತ್ತು. ಚುಚ್ಚುತ್ತಿದೆ ಎಂದು ಆಗ ನನಗೆ ನಾನು ಒಪ್ಪಿಕೊಂಡಿರಲಿಲ್ಲ. ಮಾತನ್ನು ದಾಳ ಆಡಬಾರದು, ಮನುಷ್ಯ ಆಡಬೇಕು, ಅದೇ ಆಟಕ್ಕೆ ನ್ಯಾಯ ಎಂದು ಹೇಳಿಕೊಂಡೆ.

ಹಾಗೆ ಸೋಗು ಕಟ್ಟುವ ನಿಯಮಗಳನ್ನು ತಿದ್ದಿದೆ. ಹೊಸ ಹಾಳೆಯಲ್ಲಿ ಐದೇ ಮನೆ. ಕೆಳಗೆ ಎರಡು ಹೊಸ ನಿಯಮ ಸೇರಿಸಿದೆ. ಒಂದು: ಸೋಗಿನ ಮಾತನ್ನು ಆಟಗಾರನೇ ಬಾಯಿಬಿಟ್ಟು ಆಡಬೇಕು. ಇನ್ನೊಂದು: ಯಾರಾದರೂ ಪ್ರಶ್ನೆ ಕೇಳಿದರೆ ಹತ್ತು ಎಣಿಸುವುದರೊಳಗೆ ಉತ್ತರ ಕೊಡಬೇಕು.

ಎರಡನೆಯದನ್ನು ಬರೆದದ್ದು ಸಾವಕಾರನಿಗಾಗಿ. ಅವನು ಒಂದು ಬಾಗಿಲು ತೆರೆಯಬೇಕೋ ಬೇಡವೋ ಎಂದು ಯೋಚಿಸುತ್ತ ಕೂತರೆ ಒಂದು ಚಾ ಮುಗಿದು ಇನ್ನೊಂದು ಬರುತ್ತಿತ್ತು. ಇದು ನೆಪವಲ್ಲ. ದಿನವೂ ಟೈಮ್‌ಪೀಸ್ ಮುಂದಿಟ್ಟುಕೊಂಡು ಹುಡುಗರ ವೇಗ ಅಳೆಯುವ ಕೆಲಸ ನನ್ನದು. ಹತ್ತು ನಿಮಿಷ ಆದ ಕೂಡಲೇ ‘ಸ್ಟಾಪ್’ ಎನ್ನಬೇಕು. ಅರ್ಧ ಅಕ್ಷರ ಉಳಿದಿದ್ದರೂ ಕೈ ಎತ್ತಿಸಬೇಕು. ಮನುಷ್ಯರನ್ನು ಅಳೆಯುವುದಕ್ಕೆ ನನಗೆ ಬೇರೆ ರೀತಿ ಗೊತ್ತಿರಲಿಲ್ಲ. ಹತ್ತು ಎಣಿಸುವ ನಿಯಮ ಟೈಪ್ ಮಾಡುವಾಗ ಭಾಯ್‌ನ ನೆನಪು ನನಗೆ ಬಂತೇ? ಬರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಈಗ, ನೆನಪಿಲ್ಲ ಎಂದು ಬರೆಯುತ್ತೇನೆ.

ಮುಂದಿನ ರವಿವಾರ ಇಬ್ಬರೂ ಬಂದರು. ಸಾವಕಾರ ಮೂಡಲಗಿಯಿಂದ ಬರುವ ಬಸ್ಸಿನಲ್ಲಿ ಅರಭಾವಿ ಕಾಲೇಜಿನ ಹುಡುಗರ ನಡುವೆ ನಿಂತು ಬಂದಿದ್ದ, ಅಂಗಿ ಮುದ್ದೆಯಾಯಿತು ಎಂದು ಬೈಯುತ್ತಿದ್ದ. ನಾನು ಹೊಸ ಹಾಳೆ ಕೊಟ್ಟೆ. ಸಾವಕಾರ ಓದಿ, ‘ಇನ್ನ ನನ್ನ ಯಾರೂ ಒದಿಯೂದಿಲ್ಲ ಬಿಡು’ ಎಂದ. ಭಾಯ್ ಎರಡು ಸಲ ಓದಿದ. ಆರನೆಯ ಮನೆ ಇರಬೇಕಾದ ಜಾಗದಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದ. ನಾನು, ‘ನಿನ್ನ ಹದಿನೇಳು ಬುದ್ಧಿಗೆ ಹಾಕ್ಕೋ, ಲುಕ್ಸಾನ ಆಗೂದಿಲ್ಲ’ ಎಂದೆ. ಅವನು ಹಾಕಿಕೊಂಡ.

ಆಟದಲ್ಲಿ ಅವರಿಬ್ಬರೂ ಒಂದು ಪಟ್ಟಣದ ಬಾಗಿಲಿಗೆ ಬಂದಿದ್ದರು. ಹಿಂದೆ ದಂಡು ಅಟ್ಟಿಸಿಕೊಂಡು ಬರುತ್ತಿತ್ತು. ಬಾಗಿಲಿನ ಕಾವಲುಗಾರನ ಮಾತು ನನ್ನದು.

‘ಯಾರ ನೀವು? ಯಾಕ ಬಂದೀರಿ?’

ಕಾವಲುಗಾರ ಕೇಳಿದ್ದು ಮಧ್ಯಸ್ಥನನ್ನು. ಭಾಯ್ ನೆಟ್ಟಗೆ ಕೂತ. ‘ನಾವು’ ಎಂದ. ಅದು ಸರಿಯಾಗಿ ಬಂತು. ಮುಂದಿನ ಪದ ಬ ಅಕ್ಷರದಿಂದ ಶುರುವಾಗುತ್ತಿತ್ತು. ಬ್ಯಾಪಾರಿಗಳು ಎನ್ನಲು ಹೊರಟಿದ್ದ ಎಂದು ನನ್ನ ಊಹೆ. ಅವನ ತುಟಿಗಳು ಒಂದಕ್ಕೊಂದು ಒತ್ತಿಕೊಂಡವು, ಬಿಡಲಿಲ್ಲ. ಕೊರಳ ನರ ಎದ್ದಿತು.

ನಾನು ಎಣಿಸಲು ಶುರುಮಾಡಿದೆ.

ಗಟ್ಟಿಯಾಗಿ ಎಣಿಸಿದೆ, ಕ್ಲಾಸಿನಲ್ಲಿ ‘ಸ್ಟಾಪ್’ ಎನ್ನುವ ದನಿಯಲ್ಲಿ. ನಾಲ್ಕಕ್ಕೆ ಅವನು ಕಣ್ಣು ಮುಚ್ಚಿದ. ಆರಕ್ಕೆ ಬ ಎಂಬ ಶಬ್ದ ಬಂತು, ಮತ್ತೆ ಬಂತು, ಮತ್ತೆ ಬಂತು. ಏಳಕ್ಕೆ ಸಾವಕಾರ, ‘ಮಾಸ್ತರ, ಸಾಕು ಬಿಡೋ’ ಎಂದ. ನಾನು ಅವನ ಕಡೆ ಕೈ ಎತ್ತಿ ತಡೆದೆ. ಆ ಕೈ ನನಗೆ ಇವತ್ತೂ ಕಾಣುತ್ತದೆ. ಎಂಟು, ಒಂಬತ್ತು. ಹತ್ತು ಎಂದ ಮೇಲೆ ನಾನು ಹೇಳಿದ್ದು ಇಷ್ಟು: ‘ಬಾಗಲಾ ಮುಚ್ಚಿತು.’

ಭಾಯ್ ಕಣ್ಣು ತೆರೆದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಂದರ್ಶನದಲ್ಲಿ ಫೈಲು ಮುಚ್ಚಿದಾಗ ಹೇಗಿದ್ದನೋ ಹಾಗೆಯೇ ಇದ್ದಿರಬೇಕು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟ. ‘ನಾ ಹೊಂಡ್ತೇನಿ’ ಎಂದ. ಒಂದು ಚೂರೂ ತೊದಲಲಿಲ್ಲ. ಮೆಟ್ಟಿಲಿಳಿದು ಹೋದ. ಅವನ ಚಾ ಹಾಗೇ ಉಳಿಯಿತು.

‘ಹೋಗೋ, ಕರಕೊಂಡ ಬಾ’ ಎಂದ ಸಾವಕಾರ.

‘ಬರ್ತಾನ ಬಿಡು, ಮುಂದಿನ ವಾರ’ ಎಂದೆ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಆಟ ನಡೆಸುವವನೊಬ್ಬ, ಆಡುವವನೊಬ್ಬ. ಇಬ್ಬರಿಗೆ ಆ ಆಟ ಸಾಗುವುದಿಲ್ಲ. ಕಳ್ಳ ಗೋಡೆ ಹತ್ತುತ್ತಾನೆ, ಇಳಿಯುತ್ತಾನೆ, ಅವನು ತಂದದ್ದನ್ನು ನೋಡುವವರು ಯಾರೂ ಇಲ್ಲ. ಸಾವಕಾರ ಬಂದು ಚಾ ಕುಡಿದು, ಪೇಪರು ಓದಿ, ಮಧ್ಯಾಹ್ನವೇ ಹೋಗುತ್ತಿದ್ದ. ಆಮೇಲೆ ನಾನು ಮುಚ್ಚಿದ ಮಷೀನುಗಳ ನಡುವೆ ಕೂತು ನಿಯಮಗಳನ್ನು ತಿದ್ದುತ್ತಿದ್ದೆ. ಹತ್ತು ಎಣಿಸುವುದನ್ನು ತೆಗೆದೆ. ಬಾಯಿಬಿಟ್ಟು ಆಡಬೇಕು ಎಂಬುದನ್ನು ತೆಗೆದೆ. ಆರನೆಯ ಮನೆಯನ್ನು ಮತ್ತೆ ಹಾಕಿದೆ. ಹೆಸರು ಏನಿಡಬೇಕು ಎಂದು ಮೂರು ರವಿವಾರ ಯೋಚಿಸಿದೆ. ಕೊನೆಗೆ ವಜನದ ಮುಂದೆ ಒಂದು ಪದ ಸೇರಿಸಿದೆ: ಮಾತಿನ ವಜನ. ಈಗ ಯಾವ ತಕ್ಕಡಿಯವನೂ ತಪ್ಪು ತಿಳಿಯುವ ಹಾಗಿರಲಿಲ್ಲ.

ಸಾವಕಾರ ಅದನ್ನು ಕೈಗೆ ತೆಗೆದುಕೊಂಡು ಓದಿದ. ಆಮೇಲೆ, ‘ಇಷ್ಟ ಇತ್ತಲ್ಲೋ ಮಾಸ್ತರ. ಮೊದಲ ಯಾಕ ಹೊಳೀಲಿಲ್ಲ?’ ಎಂದ.

ಹೊಸ ಹಾಳೆಯನ್ನು ಲಕೋಟೆಯಲ್ಲಿಟ್ಟು ಹುಕ್ಕೇರಿಗೆ ಕಳಿಸಿದೆ. ಜೊತೆಗೆ, ತಪ್ಪಾಯಿತು, ರವಿವಾರ ಬಾ ಎಂದು ಎರಡು ಸಾಲು ಬರೆದೆ. ಎಂಟು ದಿನದ ಮೇಲೆ ಒಂದು ಕಾರ್ಡು ಬಂತು. ಅವನ ಅಕ್ಷರ ಸಣ್ಣದು, ನೆಟ್ಟಗಿನದು. ‘ಹಾಳೆ ಮುಟ್ಟಿತು. ಇಲ್ಲಿ ಎಲ್ಲರೂ ಕ್ಷೇಮ.’ ಬೇರೇನೂ ಇರಲಿಲ್ಲ.

‘ಪೋಸ್ಟಿನ್ಯಾಗ ಮಾಫಿ ಕೇಳ್ತಾರೇನೋ? ಮಾರಿ ತೋರಿಸಿ ಕೇಳಬೇಕು’ ಎಂದ ಸಾವಕಾರ. ಆದರೂ ನಾನು ಹೊರಡಲು ಒಂದು ತಿಂಗಳು ತೆಗೆದುಕೊಂಡೆ.

ಹುಕ್ಕೇರಿಗೆ ಹೋದದ್ದು ಒಂದು ಗುರುವಾರ. ಬೆಲ್ಲದ ಬಾಗೇವಾಡಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತ್ತು. ಅಷ್ಟು ಹೊತ್ತೂ ನಾನು ಅವನಿಗೆ ಹೇಳಬೇಕಾದ ಮಾತನ್ನು ಒಳಗೇ ಜೋಡಿಸುತ್ತಿದ್ದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಭಾಯ್ ಮಷೀನಿನ ಹಿಂದೆ ಕೂತಿದ್ದ. ಅವನ ಅಪ್ಪ ಒಳಗೆ ಅಂಗಿ ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಭಾಯ್ ಎದ್ದ, ಸ್ಟೂಲು ಒರೆಸಿ ಕೊಟ್ಟ, ಕೂತುಕೋ ಎಂದು ಕೈ ಮಾಡಿದ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದಳು, ಕೈಯಲ್ಲಿ ಕುಬಸ ಹೊಲಿಸಲು ತಂದ ಖಣ. ಹತ್ತಿರದ ಘೋಡಗೇರಿಯವಳು ಎಂದು ಅವಳ ಮಾತಿನಿಂದ ತಿಳಿಯಿತು.

‘ತಮ್ಮಾ, ಹ್ವಾದ ಸಲ ರೆಟ್ಟಿ ಬಿಗಿ ಆಗಿತ್ತು ನೋಡು. ಕೈ ಎತ್ತಾಕ ಬರವೊಲ್ದು. ರೊಟ್ಟಿ ಬಡಿಯೂದು ಹೆಂಗ?’

ಭಾಯ್ ಉತ್ತರ ಕೊಡಲು ಶುರುಮಾಡಿದ. ಬಿಗಿ ಎಂಬ ಪದದಲ್ಲಿ ನಿಂತ. ಅಜ್ಜಿ ಕಾಯಲೂ ಇಲ್ಲ, ಅವಸರ ಮಾಡಲೂ ಇಲ್ಲ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದಳು, ಎಲೆಗೆ ಸುಣ್ಣ ಹಚ್ಚಿದಳು, ಬೀದಿಯಲ್ಲಿ ಹೋಗುತ್ತಿದ್ದ ಯಾರನ್ನೋ ಮಾತಾಡಿಸಿದಳು. ಭಾಯ್‌ನ ಮಾತು ಬಂದಾಗ ತಿರುಗಿ ಕೇಳಿದಳು. ‘ಹೂಂ, ಎರಡ ಬಟ್ಟ ಸಡಲ ಬಿಡು, ಹಂಗಾರ’ ಎಂದು ಎರಡು ಬೆರಳು ತೋರಿಸಿದಳು. ‘ಈ ಕೂಸು ಯಾರು?’ ಎಂದು ನನ್ನನ್ನು ತೋರಿಸಿದಳು. ಭಾಯ್ ‘ದೋಸ್ತ’ ಎಂದ.

ಅವಳು ಹೋದ ಮೇಲೆ ನಾನು ಚೀಲದಿಂದ ಹಾಳೆ ತೆಗೆದೆ. ಅಂಚೆಯಲ್ಲಿ ಕಳಿಸಿದ್ದನ್ನೇ ಮತ್ತೆ ಶುದ್ಧವಾಗಿ ಟೈಪ್ ಮಾಡಿಕೊಂಡು ಹೋಗಿದ್ದೆ. ಭಾಯ್ ಓದಿದ. ಮಾತಿನ ವಜನ ಎಂಬಲ್ಲಿ ಅವನ ಕಣ್ಣು ನಿಂತದ್ದನ್ನು ನೋಡಿದೆ.

‘ಚಲೋ ಆಗೇತಿ’ ಎಂದ.

‘ಹಂಗಾರ ರವಿವಾರ ಬಾ. ನಿನ್ನ ಹದಿನೇಳು ಹಂಗ ಐತಿ. ಯಾರೂ ಮುಟ್ಟಿಲ್ಲ.’

ಅವನು ಹಾಳೆಯನ್ನು ಮಷೀನಿನ ಮೇಲಿಟ್ಟು ಮಾತಾಡಿದ. ಆ ಮಾತು ಎಲ್ಲೆಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಬರೆಯುವುದಿಲ್ಲ. ಅವನು ಹೇಳಿದ್ದು ಇದು:

‘ಮನಿ ತಗದಿದ್ದಕ್ಕ ನಂಗ ಸಿಟ್ಟಿಲ್ಲ ಮಾಸ್ತರ. ಆಟದಾಗ ರೂಲು ಹಾಕ್ತಾರ, ತಗೀತಾರ. ಆದರ ನೀ ಎಣಿಸಿದಿ.’

‘ರೂಲಿನ್ಯಾಗ ಬರದಿತ್ತಲ್ಲೋ, ಅದಕ್ಕ...’

‘ಬರದಾಂವ ಯಾರು?’

ಒಳಗೆ ಅವನ ಅಪ್ಪನ ಕತ್ತರಿ ನಿಂತಿತು. ನಾನು ತಲೆ ತಗ್ಗಿಸಿದೆ. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಇನ್ನೊಂದು ಸಂಗತಿಯನ್ನೂ ಹೇಳಬೇಕು, ಯಾಕೆಂದರೆ ಅದು ನನ್ನನ್ನು ಹೆಚ್ಚು ನಡುಗಿಸಿತು. ಅವನು ಮಾತಿನ ನಡುವೆ ನಿಂತಾಗಲೆಲ್ಲ ನನ್ನ ಒಳಗೆ ಎಣಿಕೆ ನಡೆಯುತ್ತಿತ್ತು. ನಾನು ಎಣಿಸಬೇಕೆಂದಿರಲಿಲ್ಲ. ಆದರೂ ಒಂದು, ಎರಡು, ಮೂರು ಎಂದು ತಾನೇ ಹೋಗುತ್ತಿತ್ತು. ಅದು ಅವನಿಗೆ ಕೇಳಿಸಿತೆಂದು ನನಗೆ ಅನುಮಾನವಿದೆ.

ಅವನ ಅಪ್ಪ ಹೊರಗೆ ಬಂದು, ‘ಊಟಾ ಮಾಡಿ ಹೋಗ್ರಿ ಮಾಸ್ತರ’ ಎಂದರು. ಬಸ್ಸಿದೆ ಎಂದೆ. ಭಾಯ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದ. ಬಸ್ಸು ಸಿದ್ಧವಾಗಿ ನಿಂತಿತ್ತು. ಹತ್ತಿ ಕಿಟಕಿಯ ಬಳಿ ಕೂತೆ. ಎಂಜಿನು ಶುರುವಾಯಿತು. ಆಗ ನಾನು ಕಿಟಕಿಯಿಂದ, ‘ರವಿವಾರ?’ ಎಂದೆ.

ಭಾಯ್ ಕಿಟಕಿಯ ಕಂಬಿಗೆ ಕೈಯಿಟ್ಟ. ಅವನ ತುಟಿಗಳು ಒತ್ತಿಕೊಂಡವು. ಬ ಎಂದ. ಮತ್ತೆ ಬ ಎಂದ. ಕಂಡಕ್ಟರ್ ಬಾಗಿಲು ಎಳೆದುಕೊಂಡು ‘ರೈಟ್, ರೈಟ್’ ಎಂದು ಕೂಗಿದ. ಬಸ್ಸು ಚಲಿಸಿತು. ಭಾಯ್ ಕೆಲವು ಹೆಜ್ಜೆ ಜೊತೆಗೇ ಬಂದ, ಬಾಯಿ ಇನ್ನೂ ಹಾಗೆಯೇ ಇತ್ತು. ಆಮೇಲೆ ಕೈಬಿಟ್ಟ.

ಬರ್ತೇನಿ ಎನ್ನಲು ಹೊರಟಿದ್ದನೋ, ಬರೂದಿಲ್ಲ ಎನ್ನಲು ಹೊರಟಿದ್ದನೋ, ಬ್ಯಾಡ ಎನ್ನಲೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಬಸ್ಸಿನಲ್ಲಿ ಹತ್ತು ಹದಿನೈದು ಜನ ಇದ್ದರು. ‘ತಡೀರಿ, ಒಂದ ನಿಮಿಷ’ ಎಂದು ನಾನು ಕೂಗಿದ್ದರೆ ಕಂಡಕ್ಟರ್ ಬೈಯುತ್ತಿದ್ದ, ಆದರೆ ಬಸ್ಸು ನಿಲ್ಲುತ್ತಿತ್ತು. ನಾನು ಕೂಗಲಿಲ್ಲ. ಅಷ್ಟು ಜನರ ಮುಂದೆ ಬಸ್ಸು ನಿಲ್ಲಿಸಿದರೆ, ಅವನು ಆ ಪದವನ್ನು ಮುಗಿಸುವವರೆಗೆ ಎಲ್ಲರೂ ನೋಡುತ್ತಾ ಇರುತ್ತಾರಲ್ಲ ಎಂದು ನನಗೆ ನಾಚಿಕೆಯಾಯಿತು. ಅವನಿಗೆ ನಾಚಿಕೆಯಾದೀತೆಂದು ಅಲ್ಲ. ನನಗೆ.

ಆ ರವಿವಾರ ಮೇಜಿನ ಮೇಲೆ ಹಾಳೆ, ದಾಳ ಇಟ್ಟು ಕಾದೆ. ಗಂಟೆ ಹನ್ನೊಂದರಿಂದ ಮೆಟ್ಟಿಲ ಸಪ್ಪಳ ಕೇಳುತ್ತ ಕೂತೆ. ಸಾವಕಾರ ಒಬ್ಬನೇ ಬಂದ. ‘ಏನಂದಾ?’ ಎಂದು ಕೇಳಿದ. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ತನ್ನ ಹಾಳೆಯನ್ನು ತಿರುಗಿಸಿ ಹಾಕಿ, ‘ನೀ ಇಳೀಬೇಕಾಗಿತ್ತು’ ಎಂದ. ಅವನು ಆಮೇಲೂ ಕೆಲವು ವಾರ ಬಂದ. ಬೆಲ್ಲದ ಹಂಗಾಮು ಶುರುವಾದ ಮೇಲೆ ಬರುವುದು ನಿಂತಿತು. ಅದನ್ನು ನಾನು ಅವನ ತಪ್ಪು ಎನ್ನುವುದಿಲ್ಲ.

ಭಾಯ್‌ಗೆ ಬರೆದು ಕೇಳಬಹುದಿತ್ತು: ಆ ದಿನ ನೀನು ಏನನ್ನಲು ಹೊರಟಿದ್ದೆ? ಎರಡು ಸಲ ಬರೆದೆ, ಅಂಚೆಗೆ ಹಾಕಲಿಲ್ಲ. ಅವನನ್ನು ಹುಟ್ಟಿದಾಗಿನಿಂದ ಎಲ್ಲರೂ ಕೇಳಿದ್ದು ಅದನ್ನೇ: ಏನಂದಿ? ಇನ್ನೊಮ್ಮೆ ಹೇಳು. ನಾನೂ ಅದನ್ನೇ ಕಾರ್ಡಿನ ಮೇಲೆ ಬರೆದು ಕಳಿಸುವುದು ಆಗಲಿಲ್ಲ. ಅವನು ಬರೆಯಬಹುದಿತ್ತು, ಬರೆಯಲಿಲ್ಲ. ಬಸ್ಸಿನ ಬಳಿ ಅರ್ಧಕ್ಕೆ ನಿಂತ ಆ ಮಾತನ್ನು ಪೂರ್ತಿ ಕೇಳಲು ನಾನು ಮತ್ತೆ ಬರುತ್ತೇನೆಂದು ಅವನು ಕಾದನೇನೋ ಎಂಬ ಯೋಚನೆ ನನಗೆ ಬಂದದ್ದು ಬಹಳ ತಡವಾಗಿ, ಎರಡು ಸಾವಿರದ ಇಸವಿ ಕಳೆದು ಊರಿಗೆ ಕಂಪ್ಯೂಟರ್ ಬಂದು, ಕನ್ನಡದ ನಾಲ್ಕೂ ಮಷೀನುಗಳನ್ನು ಮೂಲೆಗೆ ಸರಿಸಿದ ಮೇಲೆ. ಆ ಹೊತ್ತಿಗೂ ಹೋಗಿ ನೋಡಬಹುದಿತ್ತು. ಗೋಕಾಕದಿಂದ ಹುಕ್ಕೇರಿಗೆ ದಿನವೂ ಬಸ್ಸಿತ್ತು.